ಮಗುವಿಗೆ ಚಳಿ, ಯಂತ್ರಕ್ಕೆ ಸೆಕೆ

"ನಿನ್ನ ಯಂತ್ರ ಸುಳ್ಳು ಹೇಳ್ತಿದೆ," ಎಂದಳು ತಡಾಲಾ. ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ ಮಗುವಿನ ಪಾದ ಹಿಡಿದುಕೊಂಡೇ ಇದ್ದಳು. ಬೆಳಗಿನ ಪಾಳಿಯ ನರ್ಸ್ ಅವಳು. ಒಳಗೆ ಬೋರಲು ಮಲಗಿದ್ದದ್ದು ಅವಳ ತಂಗಿ ಎಲುಬಿಯ ಹೆಣ್ಣು ಕೂಸು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ಮೂಗಿಗೆ ಆಮ್ಲಜನಕದ ನಳಿಗೆ. ಪಾದ ಸರೋವರದ ದಂಡೆಯ ಕಲ್ಲಿನಷ್ಟು ತಣ್ಣಗಿತ್ತು.

ವೊಂಗಾನಿ ಯಂತ್ರದ ಹಿಂದಿನಿಂದ ತಲೆ ಎತ್ತಿದ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವನು, ತಡಾಲಾಳ ಅವಳಿ ಅಣ್ಣ. "ಫ್ಯಾನ್ ತಿರುಗ್ತಿದೆ. ಬಿಸಿ ಮಾಡೋ ಕಾಯಿಲ್ ಸರಿಯಿದೆ, ಕರೆಂಟೂ ಸರಿಯಿದೆ. ಮಗು ಮೈ ಮೂವತ್ತೇಳು ಅಂತ ಅದಕ್ಕೆ ಗೊತ್ತಾಗಿದೆ, ಅದಕ್ಕೇ ಶಾಖ ನಿಲ್ಸಿದೆ. ಅದರ ಕೆಲ್ಸ ಅದು ಮಾಡ್ತಿದೆ ಕಣೇ."

"ಕಂಕುಳಲ್ಲಿಟ್ಟು ನೋಡ್ದೆ. ಮೂವತ್ತೈದು."

"ಥರ್ಮಾಮೀಟರ್ ಬದಲಾಯಿಸು."

"ಬದಲಾಯಿಸ್ದೆ. ನೀನೇ ಕಾಲು ಮುಟ್ಟಿ ನೋಡು ಬಾ."

ಅವನು ಮುಟ್ಟಲಿಲ್ಲ. ಕೈ ಪ್ಯಾಂಟಿಗೆ ಒರೆಸಿಕೊಂಡು, "ನನಗೆ ಮಕ್ಕಳ ವಿಷಯ ಏನು ಗೊತ್ತು," ಎಂದು ಮತ್ತೆ ಸ್ಕ್ರೂ ಬಿಚ್ಚತೊಡಗಿದ. ತಡಾಲಾ ಗೋಡೆಯ ಗಡಿಯಾರ ನೋಡಿದಳು, ಮಗುವನ್ನು ನೋಡಿದಳು, ಕಿಟಕಿಯಾಚೆ ನಿಂತಿದ್ದ ಆಂಬುಲೆನ್ಸ್ ನೋಡಿದಳು. ಯಂತ್ರ ಸರಿಹೋಗದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಆ ದಾರಿಯ ಗುಂಡಿಗಳಲ್ಲಿ ಗಟ್ಟಿಮುಟ್ಟಾದವರಿಗೇ ಉಸಿರು ಕಟ್ಟುತ್ತದೆ.

ಗೋಡೆಯ ಪಕ್ಕದ ಬೆಂಚಿನಲ್ಲಿ ಅಜ್ಜಿಯರು ಸಾಲಾಗಿ ಕೂತಿದ್ದರು, ಒಂದೊಂದು ಪೆಟ್ಟಿಗೆಗೆ ಒಬ್ಬೊಬ್ಬರು. ತುದಿಯಲ್ಲಿದ್ದ ನಾಫಿರಿ ಎದ್ದು ಬಂದಳು. ಈ ಅವಳಿಗಳನ್ನು ಹೆತ್ತವಳು ಅವಳೇ. ಎಲುಬಿ ಆಪರೇಷನ್ ಆಗಿ ಇನ್ನೂ ಏಳುವ ಹಾಗಿರಲಿಲ್ಲ. ಅವಳಿಗೆಂದು ತಂದ ಗಂಜಿ ನಾಫಿರಿಯ ಕೈಯಲ್ಲೇ ಆರಿ ಕೆನೆಗಟ್ಟಿತ್ತು.

"ಆಮೇಲೆ ಜಗಳ ಆಡ್ರೋ. ಅದಕ್ಕೆ ಕೈ ಎಲ್ಲಿದೆ ಮೊದ್ಲು ಹೇಳು," ಎಂದಳು ಮಗನಿಗೆ.

"ಯಾವುದಕ್ಕೆ ಅಮ್ಮಾ?"

"ನಿನ್ನ ಯಂತ್ರಕ್ಕೆ. ಮೈ ಮುಟ್ಟದೆ ಬಿಸಿ ಹೇಗೆ ಗೊತ್ತಾಯ್ತು ಅದಕ್ಕೆ?"

"ಮುಟ್ಟುತ್ತೆ. ಈ ವೈರ್ ಇದೆಯಲ್ಲ, ಇದರ ತುದಿ ಮೈಗೆ ಅಂಟಿರುತ್ತೆ." ಹೇಳುತ್ತಲೇ ಅವನ ಬೆರಳು ವೈರಿನ ಗುಂಟ ಸಾಗಿ, ಗಾಜಿನ ಮೇಲೆ ಬಂದು ನಿಂತಿತು. ವೈರು ಮಗುವಿನ ಅಡಿಗೆ ಹೋಗಿ ಮಾಯವಾಗಿತ್ತು. "ತಡಾಲಾ, ಇದನ್ನ ಎಲ್ಲಿಗೆ ಅಂಟಿಸ್ದೆ?"

"ಹೊಟ್ಟೆಗೆ. ಎಲ್ಲ ಮಕ್ಕಳಿಗೂ ಹೊಟ್ಟೆಗೇ ಅಂಟಿಸೋದು. ನಮಗೆ ಕಲಿಸಿದ್ದೇ ಹಾಗೆ."

"ಹಾಗಾದ್ರೆ ತುದಿ ಈಗ ಹಾಸಿಗೆಗೆ ಒತ್ಕೊಂಡಿದೆ. ಅದಕ್ಕೆ ಮಗುನೂ ಗೊತ್ತಿಲ್ಲ, ಹಾಸಿಗೆನೂ ಗೊತ್ತಿಲ್ಲ. ತನ್ನ ಸುತ್ತ ಎಷ್ಟು ಬಿಸಿ ಇದೆಯೋ ಅಷ್ಟು ಹೇಳುತ್ತೆ, ಅಷ್ಟೇ."

ತಡಾಲಾಳ ದನಿ ಇಳಿಯಿತು. "ಹೊಟ್ಟೆಗೂ ಹಾಸಿಗೆಗೂ ನಡುವೆ ಇರೋ ಬಿಸಿ ಎಲ್ಲಿಗೆ ಹೋಗ್ಬೇಕು? ಅಲ್ಲೇ ಕೂತಿರುತ್ತೆ. ಇತ್ತ ಬೆನ್ನಿಂದ, ತಲೆಯಿಂದ, ಕಾಲಿಂದ ಹೋಗ್ತಾನೇ ಇರುತ್ತೆ." ಅವಳು ಅಮ್ಮನ ಕಡೆ ತಿರುಗಿದಳು. "ಬೋರಲು ಮಲಗಿಸಿದ್ದು ನೀನೇನಾ?"

"ಮತ್ತೇನು, ಮೀನು ಒಣಗಿಸಿದ ಹಾಗೆ ಅಂಗಾತ ಬಿಟ್ಟಿದ್ರಿ. ನಿಮ್ಮಿಬ್ರನ್ನೂ ಬೆನ್ನಿಗೆ ಕಟ್ಕೊಂಡೇ ಬೆಳೆಸಿದ್ದು ನಾನು. ಹೊಟ್ಟೆ ಅಮ್ಮನ ಬೆನ್ನಿಗೆ ತಾಗದೆ ನಮ್ಮ ಯಾವ ಮಗು ನಿದ್ದೆ ಮಾಡಿದೆ ಹೇಳು."

"ಉಸಿರಾಟಕ್ಕೂ ಸಲೀಸಾಗುತ್ತೆ ಅಂತ ನೋಡಿನೂ ಸುಮ್ನಿದ್ದೆ ನಾನು," ಎಂದಳು ತಡಾಲಾ, ಯಾರಿಗೆಂದಿಲ್ಲದೆ.

ಅವಳು ಮಗುವನ್ನು ಹೂವಿನಂತೆ ಎತ್ತಿ ಹಿಡಿದಳು. ವೊಂಗಾನಿ ಕೈ ತೊಳೆದು ಬಂದು, ಅಡಿಯಿಂದ ವೈರಿನ ತುದಿ ಬಿಡಿಸಿ ಪುಟ್ಟ ಬೆನ್ನಿಗೆ ಅಂಟಿಸಿದ. ಆಗ ಅವನ ಕೈಗೆ ಆ ಪಾದ ತಾಗಿತು. "ಅಯ್ಯೋ, ಇಷ್ಟು ತಣ್ಣಗಾ," ಎಂದ.

ಯಂತ್ರದ ಮೇಲಿನ ಅಂಕಿ ಇಳಿಯಿತು. ಮೂವತ್ತಾರು. ಮೂವತ್ತೈದು. ಯಂತ್ರ ಒಮ್ಮೆಲೇ ಕಿರುಚತೊಡಗಿತು. ನಾಫಿರಿ ಬೆಚ್ಚಿ ಗಂಜಿಯ ಬಟ್ಟಲು ಕೈಬಿಟ್ಟಳು. "ಕೆಡಿಸಿಬಿಟ್ರಲ್ಲೋ."

"ಕೆಟ್ಟಿಲ್ಲಮ್ಮ. ಈಗ ನಿಜ ಹೇಳ್ತಿದೆ," ಎಂದ ವೊಂಗಾನಿ. ಶಾಖದ ಕೆಂಪು ದೀಪ ಹೊತ್ತಿಕೊಂಡಿತ್ತು. ತಡಾಲಾ ಪಾದ ಬಿಡದೆ ನಿಂತಳು. ಬಹಳ ಹೊತ್ತಿನ ಮೇಲೆ ಪಾದ ಬೆಚ್ಚಗಾಯಿತು, ಕಿರುಚಾಟವೂ ನಿಂತಿತು. ಆಂಬುಲೆನ್ಸಿನ ಚಾಲಕನಿಗೆ ಅವಳು ಕಿಟಕಿಯಿಂದಲೇ ಬೇಡವೆಂದು ಕೈಯಾಡಿಸಿದಳು.

ನಾಫಿರಿ ಬಗ್ಗಿ ಚೆಲ್ಲಿದ ಗಂಜಿ ಒರೆಸುತ್ತಿದ್ದಳು. ಈ ಅವಳಿಗಳ ಶಾಲೆಯಲ್ಲಿ ಜೀವಶಾಸ್ತ್ರವೂ ಭೌತಶಾಸ್ತ್ರವೂ ಒಂದೇ ಹೊತ್ತಿಗೆ ನಡೆಯುತ್ತಿದ್ದಾಗ, ಒಬ್ಬಳು ಅಲ್ಲಿ ಕೂರಲಿ ಒಬ್ಬ ಇಲ್ಲಿ ಕೂರಲಿ, ಎರಡು ವಿದ್ಯೆಯೂ ನಮ್ಮ ಮನೆಗೇ ಬರುತ್ತದೆ ಎಂದು ಹಂಚಿದವಳು ಅವಳೇ. ತಲೆ ಎತ್ತಿ ಕೇಳಿದಳು. "ಮಗುವನ್ನ ತಿರುಗಿಸಿದ್ರೆ ಯಂತ್ರ ಮೋಸ ಹೋಗುತ್ತೆ ಅನ್ನೋದನ್ನ ನಿಮ್ಮಿಬ್ರಲ್ಲಿ ಯಾರು ಕಲಿತಿರಬೇಕಿತ್ತು?"

ತಡಾಲಾ ವೈರನ್ನು ನೋಡಿದಳು, ವೊಂಗಾನಿ ಮಗುವನ್ನು.

ಒರೆಸುತ್ತಿದ್ದ ನಾಫಿರಿಯ ಕೈ ನಿಂತಿತು. ಬೆಂಚಿನ ಮೇಲಿದ್ದ ಮೂವರು ಅಜ್ಜಿಯರ ಕಡೆ ನೋಡಿ, ಮೆಲ್ಲಗೆ ಹೇಳಿದಳು. "ಅವರಿಗೂ ನಾನೇ ಬೆಳಿಗ್ಗೆ ಹೇಳಿಕೊಟ್ಟೆ, ಹೀಗೇ ಬೋರಲು ಮಲಗಿಸಿ ಅಂತ."

ಸಾಲಿನಲ್ಲಿದ್ದ ಉಳಿದ ಮೂರು ಯಂತ್ರಗಳೂ ಮೂವತ್ತೇಳು ತೋರಿಸುತ್ತಾ, ಸದ್ದಿಲ್ಲದೆ ನಿಂತಿದ್ದವು.