ಗೋಡೆಯಾಚೆಯ ಕೆಮ್ಮು

ಇದನ್ನು ಓದಿ ಕೈಮುಗಿಯುವ ಇಮೋಜಿ ಹಾಕಬೇಡಿ... ಕೆಲವರಿಗೆ ಉರಿಯಲಿ ಅಂತಲೇ ಕಳಿಸುತ್ತಿದ್ದೇನೆ.

ಕೊರೊನಾ ಕಾಲ. ದಾವಣಗೆರೆಯ ಒಂದು ಮನೆ, ನಡುವೆ ಗೋಡೆ. ಈಚೆ ಕೊಟ್ರಮ್ಮ, ಆಚೆ ಅವಳ ವಾರಗಿತ್ತಿ ಸುಮಂಗಲ... ಗಂಡನಿಲ್ಲದ ಒಂಟಿ ಹೆಂಗಸು.

ತನ್ನ ಮಗಳಿಗೆ ಬಂದ ಸಂಬಂಧ ತಪ್ಪಿಸಿದ್ದು ಸುಮಂಗಲಳೇ ಎಂದು ಕೊಟ್ರಮ್ಮನಿಗೆ ಕೆಂಡದಂಥ ಸಿಟ್ಟು. ಆ ಸಿಟ್ಟಿನಲ್ಲೇ ಗೋಡೆ ಎದ್ದಿತು, ಮಾತು ನಿಂತಿತು.

ಒಂದು ವಾರ ಆಚೆಯಿಂದ ಒಂದೇ ಸಮನೆ ಕೆಮ್ಮು... ಕೊಟ್ರಮ್ಮ ಲಟ್ಟಣಿಗೆ ತೆಗೆದುಕೊಂಡು ಗೋಡೆ ಬಡಿದಳು.

"ಸಾಯೋದಾದ್ರೆ ಸುಮ್ನೆ ಸಾಯಿ. ನಮ್ ನಿದ್ದಿ ಯಾಕ್ ಕೆಡಿಸ್ತಿ?"

ಕೆಮ್ಮು ನಿಂತಿತು. ಗೆದ್ದೆ ಅಂದುಕೊಂಡಳು.

ಎರಡು ದಿನ ಬಿಟ್ಟು ಅವಳ ಫೋನಿನ ಕೊರೊನಾ ಆ್ಯಪ್‌ನಲ್ಲಿ ಎಚ್ಚರಿಕೆ... "ನೀವು ಸೋಂಕಿತರ ಸಮೀಪ ಇದ್ದಿರಿ."

ಸಹಾಯವಾಣಿಗೆ ಫೋನ್ ಮಾಡಿ ಹರಿಹಾಯ್ದಳು. "ಹೊಸ್ತಿಲು ದಾಟಿಲ್ಲ ನಾನು. ಮನ್ಯಾಗ ಯಾರಿಗೂ ಜ್ವರ ಇಲ್ಲ. ನಿಮ್ ಆ್ಯಪ್‌ಗೆ ತಲೆ ಕೆಟ್ಟೈತೇನು?"

ಅಲ್ಲಿದ್ದ ಹುಡುಗಿ ಹೇಳಿದಳು, "ಅಮ್ಮಾ, ಫೋನ್‌ಗಳು ಬ್ಲೂಟೂತ್‌ನಲ್ಲಿ ಒಂದನ್ನೊಂದು ಗುರುತಿಸ್ತವೆ. ಸಿಗ್ನಲ್ ಜೋರಾಗಿದ್ರೆ ಹತ್ತಿರ ಇದ್ದಾರೆ ಅಂತ ಲೆಕ್ಕ. ನಡುವೆ ಗೋಡೆ ಇದ್ರೂ ಅದಕ್ಕೆ ಗೊತ್ತಾಗಲ್ಲ. ನಿಮ್ಮ ಗೋಡೆ ಆಚೆ ಯಾರಿದಾರೆ?"

ಕೊಟ್ರಮ್ಮ ಫೋನ್ ಇಟ್ಟಳು.

ಇಬ್ಬರ ಮಂಚವೂ ಅದೇ ಗೋಡೆಗೆ... ಇಬ್ಬರ ಫೋನೂ ದಿಂಬಿನ ಪಕ್ಕ. ಸುಮಂಗಲ ಟೆಸ್ಟ್ ಮಾಡಿಸಿಕೊಂಡು, ಪಾಸಿಟಿವ್ ಬಂದಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು?

"ಅನುಭವಿಸ್ಲಿ" ಅಂದಳು ಕೊಟ್ರಮ್ಮ. ನಿಜ ಹೇಳುತ್ತೇನೆ, ಮೊದಲು ಹಾಗೇ ಅಂದಳು.

ಆಮೇಲೆ ಗೋಡೆಗೆ ಕಿವಿಗೊಟ್ಟಳು... ಎರಡು ದಿನದಿಂದ ಆಚೆ ಕೆಮ್ಮಿಲ್ಲ, ಪಾತ್ರೆಯ ಸದ್ದೂ ಇಲ್ಲ.

ಅದೇ ಲಟ್ಟಣಿಗೆಯಿಂದ ಗೋಡೆ ಬಡಿದಳು. ಉತ್ತರವಿಲ್ಲ. ಮತ್ತೆ ಬಡಿದಳು... ಬಹಳ ಹೊತ್ತಿನ ಮೇಲೆ ಬೆರಳಿನಿಂದ ತಟ್ಟಿದಂಥ ಸಣ್ಣ ಸದ್ದು ಕೇಳಿಸಿತು.

ಆಂಬುಲೆನ್ಸ್‌ಗೆ ಫೋನ್ ಮಾಡಿ, ಮಾಸ್ಕ್ ಹಾಕಿಕೊಂಡು ಓಡಿದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಸುಮಂಗಲ ಗೋಡೆಯ ಬುಡದಲ್ಲಿ ಬಿದ್ದಿದ್ದಳು. ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಕೊಟ್ರಮ್ಮ ಅದನ್ನು ಎಳೆದು ತೆಗೆದಳು.

"ಯಾಕೆ ಹಿಂಗ್ ಮಾಡ್ಕೊಂಡಿ?"

"ನಾನು ಕೆಮ್ಮಿದ್ರೆ ನಿನಗೆ ನಿದ್ದಿ ಬರಲ್ಲ ಅಂದ್ಯಲ್ಲ, ಅಕ್ಕಾ..."

ಕೊಟ್ರಮ್ಮ ಅಲ್ಲೇ ಕೂತು ಅತ್ತಳು.

ಸುಮಂಗಲ ಬದುಕಿದಳು. ಜಗಳ ಮಾತ್ರ ಮುಗಿದಿಲ್ಲ, ಈಗಲೂ ಒಬ್ಬರಿಗೊಬ್ಬರು ಬೈಯುತ್ತಾರೆ. ಆದರೆ ಕೊಟ್ರಮ್ಮ ಬೆಳಗ್ಗೆ ಎದ್ದ ಕೂಡಲೇ ಗೋಡೆ ತಟ್ಟುತ್ತಾಳೆ... ಆಚೆಯಿಂದ ಉತ್ತರ ಬಂದ ಮೇಲೆಯೇ ಒಲೆ ಹಚ್ಚುತ್ತಾಳೆ.

ಸಿಟ್ಟು ಬೇಕಾದರೆ ಇಟ್ಟುಕೊಳ್ಳಿ... ಆದರೆ ಆಚೆ ಇರುವವರು ಉಸಿರಾಡುತ್ತಿದ್ದಾರೆಯೇ ಅಂತ ವಿಚಾರಿಸಿ.

ನಿಮ್ಮ ಗೋಡೆಯಾಚೆ ಸದ್ದು ನಿಂತು ಎಷ್ಟು ದಿನವಾಯಿತು?