ಒಂದೇ ಸಲದ ಕೂಗು

ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮಂಚಿಕೇರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹಿಂದಿನ ರಾತ್ರಿ ಗುಡ್ಡದ ಮೇಲೆ ಏನೋ ದೊಡ್ಡದಾಗಿ ಸಿಡಿದಿತ್ತು. ಬಹಳ ಹೊತ್ತಿನ ಮೇಲೆ ಕಾಡಿನಿಂದ ಒಂದು ಕೂಗು ಕೇಳಿತು.

"ಕೂಸೆ, ಓ ಹೇಳಡ. ದೆವ್ವ ಒಂದೇ ಸಲ ಕೂಗ್ತು" ಎಂದು ಅಜ್ಜಿ ಓಗೊಡಲು ಹೊರಟ ನನ್ನ ಬಾಯಿ ಮುಚ್ಚಿ, ಜಗಲಿಯ ಲಾಟೀನು ಆರಿಸಿದಳು.

ಮಧ್ಯಾಹ್ನ ಊರವರು ಗುಡ್ಡದಲ್ಲಿ ಬಿದ್ದ ಸಣ್ಣ ವಿಮಾನದ ಪೈಲಟನ ಹೆಣವನ್ನು ಕಂಬಳಿಯಲ್ಲಿ ಹೊತ್ತು ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಕಂಬಳಿಯೆಲ್ಲ ಪೆಟ್ರೋಲು ನಾತ. ಅವನ ಮೊಣಕೈಗಳಲ್ಲಿ ಕೆಸರು ಒಣಗಿತ್ತು.

"ಹಳ್ಳದ ತನಕ ತೆವಳ್ಕ್ಯಂಡು ಬೈಂದ" ಎಂದ ಪಕ್ಕದ ಮನೆಯ ಮಾವ. "ನಿಂಗಳ ಮನೆ ದೀಪ ಕಂಡಿಕ್ಕು."

ಅಂದಿನಿಂದ ಜಗಲಿಯ ಲಾಟೀನು ಬೆಳಗಿನವರೆಗೂ ಉರಿಯುತ್ತಿತ್ತು. ಗೂಬೆ ಕೂಗಿದರೂ ಅಜ್ಜಿ ಎದ್ದು ಕೂತು "ಓ" ಎನ್ನುತ್ತಿದ್ದಳು.