ಮೂವತ್ತೇಳನೆಯ ಪುಟ

ಪುಸ್ತಕ ಕಳುವಾದರೆ ಗುರುತಿರಲೆಂದು ಸೇತುಮಾಧವ ಮೊದಲ ಪುಟದ ಜೊತೆಗೆ ಮೂವತ್ತೇಳನೆಯ ಪುಟದಲ್ಲೂ ಹೆಸರು ಬರೆಯುತ್ತಿದ್ದ. ಆ ಗುಟ್ಟು ಗೊತ್ತಿದ್ದದ್ದು ಗೆಳೆಯ ಲಿಂಗಣ್ಣನೊಬ್ಬನಿಗೇ.

ರಾಜ, ಮಂತ್ರಿಗಳನ್ನೆಲ್ಲ ಗೇಲಿ ಮಾಡುವ ಒಂದು ಸಾಹಸ ಕಾದಂಬರಿಯನ್ನು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತ ಓದಿದ್ದರು. ಅದು ಕಾಣೆಯಾದಾಗ ಸೇತುಮಾಧವ, "ನೀನೇ ಕದ್ದಿರೋದು" ಎಂದುಬಿಟ್ಟ. ವಾರದ ಬಳಿಕ ಲಿಂಗಣ್ಣ ಏನೋ ಚಪ್ಪಟೆ ಪೊಟ್ಟಣ ಹಿಡಿದು ಬಂದರೆ ಬಾಗಿಲನ್ನೇ ತೆರೆಯಲಿಲ್ಲ. ಆಮೇಲೆ ಮೂವತ್ತು ವರ್ಷ ಮಾತಿಲ್ಲ, ಕತೆಯಿಲ್ಲ.

ಈಗ ಅದೇ ಕಾದಂಬರಿ ಸೇತುಮಾಧವನಿಗೆ ಫುಟ್‌ಪಾತಿನ ಹಳೆಪುಸ್ತಕದ ರಾಶಿಯಲ್ಲಿ ಕಂಡಿತು.

"ಇದು ಯಾರ ಮನೇದಪ್ಪಾ?"

"ಲಿಂಗಣ್ಣ ಮೇಷ್ಟ್ರದ್ದು ಸಾರ್. ಹೋದ ತಿಂಗಳು ತೀರ್ಕೊಂಡ್ರಲ್ಲ, ಮನೆಯವ್ರು ತಂದು ಹಾಕಿದ್ರು."

ಸಾವಿನ ಸುದ್ದಿ ಸೇತುಮಾಧವನಿಗೆ ಗೊತ್ತಿರಲಿಲ್ಲ. ಆದರೂ ಹಳೆಯ ಸಿಟ್ಟು ಬಿಡಲಿಲ್ಲ.

"ಇದು ನಂದು ಕಣಯ್ಯಾ. ಬೇಕಾದ್ರೆ ಮೂವತ್ತೇಳನೇ ಪುಟ ತೆಗೆದು ನೋಡು, ನನ್ನ ಹೆಸರಿರುತ್ತೆ. ಸೇತುಮಾಧವ ಅಂತ."

ಅಂಗಡಿಯವನು ಪುಟ ಬಿಡಿಸಿ ಮುಂದೆ ಹಿಡಿದ.

"ಹೌದು ಸಾರ್, ಇದೆ."

ಹೆಸರು ಸೇತುಮಾಧವನದೇ. ಕೈಬರಹ ಮಾತ್ರ ಲಿಂಗಣ್ಣನದು.